ತೋಳು ಕಟ್ಟಿ ಕೆಡಹಿದ ಮೇಲೆ ತಲೆ ಯಾರ ಹೊಣೆ?

ಮೆಲ್ಬರ್ನ್ ನಗರದ ಪಶ್ಚಿಮದ ಬಡಾವಣೆಯೊಂದರಲ್ಲಿ ನೆಲೆಸಿರುವ, ಮೂಲತಃ ಹಾಸನ ಕಡೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಇಲ್ಲಿನ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನಲ್ಲಿ ಎದುರಾಳಿಯನ್ನು ಅಪಾಯಕರವಾಗಿ ಹಿಡಿದು ಕೆಡಹಿದರೆಂದು ವಾರವಾರವೂ ಆಟಗಾರರನ್ನು ಅಮಾನತು ಮಾಡುತ್ತಾರೆ. ನೋಡಲು ಒಂದೇ ಬಗೆಯ ಟ್ಯಾಕಲ್‌ಗೆ ಒಬ್ಬನಿಗೆ ಮೂರು ಪಂದ್ಯ, ಇನ್ನೊಬ್ಬನಿಗೆ ಬರೀ ದಂಡ, ಮತ್ತೊಬ್ಬನಿಗೆ ಏನೂ ಇಲ್ಲ. ಸೋಮವಾರ ಆಫೀಸಿನಲ್ಲಿ ಕಾಫಿ ಹೊತ್ತಿಗೆ ಇದೇ ಜಗಳ. ಶಿಕ್ಷೆ ಮಾಡಿದ ಕೆಲಸಕ್ಕೆ ಇರಬೇಕೇ ಹೊರತು ಆದ ಗಾಯಕ್ಕಲ್ಲ ಎಂಬುದು ನನ್ನ ವಾದ. ದೊಡ್ಡ ಆಟಗಾರರು ನುಣುಚಿಕೊಳ್ಳುತ್ತಾರೆ ಎಂದು ಕೆಲವರು, ಆಟವೇ ಮೆತ್ತಗಾಯಿತು ಎಂದು ಇನ್ನು ಕೆಲವರು. 2017ರಲ್ಲಿ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್‌ಗೆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಕೈತಪ್ಪಿದ್ದು ಇಂಥದೊಂದು ಅಮಾನತಿನಿಂದಲೇ. ಕ್ರಿಕೆಟ್ ಕಂಡ ಕಣ್ಣಿಗೆ ಇದರಲ್ಲಿ ನ್ಯಾಯ ಕಾಣುತ್ತದೆಯೇ? ನನ್ನ ಎಂಟು ವರ್ಷದ ಮಗನನ್ನು ಈ ಆಟಕ್ಕೆ ಕಳಿಸಬಹುದೇ?"

ಮಾನ್ಯರೇ,

ನಿಮ್ಮ ಪತ್ರ ಕೈಸೇರಿ ಮೂರು ವಾರ ಕಳೆದಿದೆ. ನೀವು ಪ್ರಸ್ತಾಪಿಸಿದ ಟ್ಯಾಕಲ್‌ಗಳನ್ನು ಕಣ್ಣಾರೆ ನೋಡದೆ ಉತ್ತರ ಬರೆಯಬಾರದು ಎಂದುಕೊಂಡು ದೃಶ್ಯಗಳನ್ನು ಹಾಕಿಕೊಂಡು ಕುಳಿತೆ. ಒಂದು ಇನ್ನೊಂದನ್ನು ಎಳೆದು ತಂದಿತು, ತಡವಾಯಿತು. ಕ್ರಿಕೆಟ್, ಕಬಡ್ಡಿಗಳ ಬಗ್ಗೆ ಬರೆದು ರೂಢಿಯಾದ ಕೈಗೆ ಈ ಆಟ ಹೊಸದೆಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನಿಮಗೆ ತಿಳಿದದ್ದೇ ಆದರೂ ಉಳಿದ ಓದುಗರ ಸಲುವಾಗಿ ಒಂದೆರಡು ಮಾತು ಹೇಳಬೇಕು. ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುವ ಅದೇ ಅಂಡಾಕಾರದ ಮೈದಾನಗಳಲ್ಲಿ ಚಳಿಗಾಲದಲ್ಲಿ ನಡೆಯುವ ಆಟ ಇದು. ಒಂದೊಂದು ಕಡೆಗೆ 18 ಆಟಗಾರರು. ಚೆಂಡನ್ನು ಎಸೆಯುವಂತಿಲ್ಲ, ಒದೆಯಬೇಕು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬೇಕು. ಚೆಂಡು ಹಿಡಿದವನನ್ನು ಭುಜದಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಎಲ್ಲಿ ಬೇಕಾದರೂ ಹಿಡಿಯಬಹುದು. ಹಾಗೆ ಹಿಡಿಸಿಕೊಂಡವನಿಗೆ ಚೆಂಡನ್ನು ದಾಟಿಸಲು ಮೊದಲೇ ಅವಕಾಶವಿದ್ದು, ಆತ ಸರಿಯಾಗಿ ದಾಟಿಸದಿದ್ದರೆ ಹಿಡಿದವನಿಗೆ ಫ್ರೀ ಕಿಕ್ ಸಿಗುತ್ತದೆ. 'ಹೋಲ್ಡಿಂಗ್ ದ ಬಾಲ್' ಎಂದು ಪ್ರೇಕ್ಷಕರು ಗಂಟಲು ಹರಿಯುವಂತೆ ಕೂಗುವುದು ಈ ನಿಯಮಕ್ಕಾಗಿ. ಇಡೀ ತಕರಾರಿನ ಬೇರು ಇಲ್ಲೇ ಇದೆ ಎಂದು ನನಗನ್ನಿಸಿದ್ದರಿಂದ ಇದನ್ನು ಇಷ್ಟು ವಿವರಿಸಿದೆ.

ಇನ್ನು ಶಿಕ್ಷೆಯ ಲೆಕ್ಕ. ಪಂದ್ಯಗಳು ಮುಗಿದ ಮೇಲೆ ಮ್ಯಾಚ್ ರಿವ್ಯೂ ಆಫೀಸರ್ ಎಂಬ ಅಧಿಕಾರಿ ದೃಶ್ಯಗಳನ್ನು ಪರಿಶೀಲಿಸುತ್ತಾರೆ. 2018ರಲ್ಲಿ ಆ ಹುದ್ದೆಗೆ ಬಂದವರು ಮಾಜಿ ಆಟಗಾರ ಮೈಕೆಲ್ ಕ್ರಿಶ್ಚಿಯನ್. ಅವರ ಮುಂದಿರುವ ಪ್ರಶ್ನೆಗಳು ಮೂರೇ: ಮಾಡಿದ್ದು ಬೇಕೆಂದೋ, ಅಜಾಗರೂಕತೆಯಿಂದಲೋ; ಏಟಿನ ತೀವ್ರತೆ ಕಡಿಮೆಯೋ, ಮಧ್ಯಮವೋ, ಹೆಚ್ಚೋ, ಅತಿ ಹೆಚ್ಚೋ; ತಾಗಿದ್ದು ತಲೆಗೋ, ಮೈಗೋ. ಈ ಮೂರಕ್ಕೂ ಉತ್ತರ ಬರೆದುಕೊಂಡರೆ ಮಗ್ಗಿ ಪುಸ್ತಕದಲ್ಲಿ ನೋಡಿದಂತೆ ಅಮಾನತಿನ ಲೆಕ್ಕ ಸಿಗುತ್ತದೆ. ಅಜಾಗರೂಕತೆ, ತಲೆಗೆ ಪೆಟ್ಟು, ಮಧ್ಯಮ ತೀವ್ರತೆ ಎಂದಾದರೆ ಒಂದು ಪಂದ್ಯ; ತೀವ್ರತೆ ಹೆಚ್ಚಾದರೆ ಎರಡು; ಅತಿ ಹೆಚ್ಚಾದರೆ ನೇರ ಟ್ರಿಬ್ಯೂನಲ್ಲಿಗೆ, ಅಂದರೆ ವಿಚಾರಣಾ ಮಂಡಳಿಗೆ, ಅಲ್ಲಿ ಮೂರು ಅಥವಾ ಹೆಚ್ಚು. ಒಪ್ಪದ ತಂಡ ಟ್ರಿಬ್ಯೂನಲ್ಲಿಗೆ ಹೋಗಬಹುದು, ಅಲ್ಲಿಯೂ ಸೋತರೆ ಮೇಲ್ಮನವಿ ಮಂಡಳಿಗೆ. ವಕೀಲರು ಬರುತ್ತಾರೆ, ದೃಶ್ಯವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ವಾದಿಸುತ್ತಾರೆ. ಅರ್ಧ ಸೆಕೆಂಡಿನಲ್ಲಿ ಮುಗಿದ ಕೆಲಸದ ಮೇಲೆ ಒಂದಿಡೀ ಸಂಜೆ ವಿಚಾರಣೆ ನಡೆಯುವುದನ್ನು ಕಂಡಾಗ ನಮ್ಮ ಸಿವಿಲ್ ಕೋರ್ಟುಗಳ ಬಗ್ಗೆ ನನಗಿದ್ದ ಅಸಮಾಧಾನ ಸ್ವಲ್ಪ ಕಡಿಮೆಯಾಯಿತು.

ನಿಮ್ಮ ಅಸಮಾಧಾನ ಇರುವುದು ಎರಡನೆಯ ಪ್ರಶ್ನೆಯ ಮೇಲೆ. ತೀವ್ರತೆಯನ್ನು ಅಳೆಯಲು ಗಾಯಗೊಂಡವನ ತಂಡದ ವೈದ್ಯರ ವರದಿಯನ್ನು ನೋಡುತ್ತಾರೆ. ಬಿದ್ದವನು ಮೈಕೊಡವಿಕೊಂಡು ಎದ್ದರೆ ಒಂದು ಮೆಟ್ಟಿಲು, ಏಳದಿದ್ದರೆ ಇನ್ನೊಂದು. ಹಾಗಾದರೆ ಕೆಡಹಿದವನ ಅಮಾನತನ್ನು ತೀರ್ಮಾನಿಸುವುದು ಬಿದ್ದವನ ಕತ್ತಿನ ಬಲವೇ, ಅಂದು ಬೆಳಿಗ್ಗೆ ಬಿದ್ದ ಮಳೆಗೆ ನೆಲ ಎಷ್ಟು ಮೆತ್ತಗಾಗಿತ್ತು ಎಂಬುದೇ ಎಂದು ನೀವು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕಲು ನೀವೇ ಹೆಸರಿಸಿದ ಆಟಗಾರನಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಗಲಿಲ್ಲ. ಹೆಸರಿನಲ್ಲೇ ಅಪಾಯವನ್ನು ಹೊತ್ತುಕೊಂಡು ಹುಟ್ಟಿದ ಈ ಡೇಂಜರ್‌ಫೀಲ್ಡ್ ಮೂರು ಸಲ ಮೂರು ಬೇರೆ ಬೇರೆ ಜಾಗದಲ್ಲಿ ನಿಂತು ಇದೇ ಪ್ರಶ್ನೆಯನ್ನು ಕಂಡವರು.

ಮೊದಲನೆಯದು 2011ರಲ್ಲಿ. ಆಗ ಅವರು ಅಡಿಲೇಡ್ ತಂಡದಲ್ಲಿದ್ದರು. ಮೆಲ್ಬರ್ನ್ ತಂಡದ ಜ್ಯಾಕ್ ಟ್ರೆಂಗೋವ್, ಆಟಕ್ಕೆ ಬಂದು ಎರಡನೆಯ ವರ್ಷದಲ್ಲಿದ್ದ ಹುಡುಗ, ಅವರನ್ನು ಹಿಡಿದು ಬೀಸಿ ನೆಲಕ್ಕೆ ಕೆಡಹಿದ. ತಲೆ ನೆಲಕ್ಕೆ ಬಡಿದು ಕನ್ಕಷನ್ ಆಯಿತು, ಅಂದರೆ ತಲೆಯೊಳಗೆ ಮಿದುಳು ಅಲುಗಿ ಆಟಗಾರ ತಬ್ಬಿಬ್ಬಾಗುವ ಸ್ಥಿತಿ. ಟ್ರೆಂಗೋವ್‌ಗೆ ಮೂರು ಪಂದ್ಯಗಳ ಅಮಾನತು. ತಂಡ ಮೇಲ್ಮನವಿಗೆ ಹೋದರೂ ಶಿಕ್ಷೆ ಉಳಿಯಿತು. ಟ್ಯಾಕಲ್ ಅಂದರೆ ಹೀಗಿರಬೇಕು ಎಂದು ಮೆಚ್ಚಬೇಕಾದ ಹಿಡಿತಕ್ಕೆ ಶಿಕ್ಷೆಯೇ ಎಂದು ಅಂದಿನ ಅಭಿಮಾನಿಗಳು ಕೇಳಿದ್ದರು. ನಿಮ್ಮ ಆಫೀಸಿನ ಜಗಳಕ್ಕೆ ಆಗಲೇ ಬೀಜ ಬಿದ್ದಿತ್ತೆನ್ನಬಹುದು.

ಎರಡನೆಯದು ನೀವು ಬರೆದಿರುವ 2017ರ ಪ್ರಸಂಗ. ಅಷ್ಟರಲ್ಲಿ ಡೇಂಜರ್‌ಫೀಲ್ಡ್ ಜಿಲಾಂಗ್ ತಂಡ ಸೇರಿ, ಹಿಂದಿನ ವರ್ಷದ ಬ್ರೌನ್ಲೋ ಪದಕವನ್ನೂ ಗೆದ್ದಿದ್ದರು. ಕಾರ್ಲ್ಟನ್ ವಿರುದ್ಧದ ಪಂದ್ಯದಲ್ಲಿ ಅವರು ಹಿಡಿದು ಕೆಡಹಿದ ಮ್ಯಾಥ್ಯೂ ಕ್ರೂಝರ್‌ಗೆ ಕನ್ಕಷನ್ ಆಯಿತು. ತಪ್ಪೊಪ್ಪಿಕೊಂಡದ್ದರಿಂದ ಒಂದೇ ಪಂದ್ಯದ ಅಮಾನತು. ಆದರೆ ಆ ಪದಕ 'ಅತ್ಯಂತ ಸಭ್ಯ ಹಾಗೂ ಅತ್ಯುತ್ತಮ' ಆಟಗಾರನಿಗೆ ಮೀಸಲಾದ್ದರಿಂದ, ಋತುವಿನಲ್ಲಿ ಒಂದೇ ಒಂದು ಪಂದ್ಯಕ್ಕೆ ಅಮಾನತಾದವನೂ ಅದಕ್ಕೆ ಅನರ್ಹನಾಗುತ್ತಾನೆ.

ಮೂರನೆಯದು 2024ರಲ್ಲಿ, ಮತ್ತೆ ಕಾರ್ಲ್ಟನ್ ವಿರುದ್ಧವೇ. ಅಷ್ಟರಲ್ಲಿ ಅವರು ಜಿಲಾಂಗ್ ನಾಯಕರಾಗಿದ್ದರು. ಸ್ಯಾಮ್ ವಾಲ್ಶ್ ಎಂಬ ಆಟಗಾರನನ್ನು ಹಿಡಿದು ಕೆಡಹಿದ್ದಕ್ಕೆ ಒಂದು ಪಂದ್ಯದ ಅಮಾನತು ಬಂತು. ಜಿಲಾಂಗ್ ಅದನ್ನು ಪ್ರಶ್ನಿಸಿ ಗೆದ್ದಿತು. ಟ್ರಿಬ್ಯೂನಲ್ ಒಪ್ಪಿದ ಕಾರಣವನ್ನು ಗಮನಿಸಬೇಕು. ವಾಲ್ಶ್ ನೆಲಕ್ಕೆ ಬೀಳುವ ರಭಸವನ್ನು ತಗ್ಗಿಸಲು ಡೇಂಜರ್‌ಫೀಲ್ಡ್ ಆತನನ್ನು ಹಿಂದಕ್ಕೆಳೆದು ಹಿಡಿಯಲು ಯತ್ನಿಸಿದ್ದರು ಎಂಬುದೇ ಆ ಕಾರಣ. ಆ ದೃಶ್ಯವನ್ನು ನಾನು ಹತ್ತು ಸಲವಾದರೂ ನೋಡಿದೆ. ಮಾಮೂಲಿ ವೇಗದಲ್ಲಿ ಒಬ್ಬ ಇನ್ನೊಬ್ಬನನ್ನು ಕೆಡಹಿದ್ದಷ್ಟೇ ಕಾಣುತ್ತದೆ. ನಿಧಾನಗೊಳಿಸಿ ನೋಡಿದರೆ ಮಾತ್ರ ಹಿಡಿದವನ ಮೈಭಾರ ಯಾವ ಕಡೆಗೆ ವಾಲುತ್ತಿದೆ ಎಂಬುದು ತಿಳಿಯುತ್ತದೆ. ಹದಿಮೂರು ವರ್ಷಗಳಲ್ಲಿ ಆಟ ಕಲಿತ ಪಾಠವಿದ್ದರೆ ಅದು ಆ ವಾಲಿಕೆಯಲ್ಲಿದೆ. ಬೀಸಿ ಕೆಡಹುವುದೇ ಚಂದದ ಟ್ಯಾಕಲ್ ಎಂದು ಬೆಳೆದ ತಲೆಮಾರಿನ ಆಟಗಾರನೊಬ್ಬ, ಹಿಡಿದ ಮೇಲೆ ಹಿಡಿದವನೇ ಕಾಪಾಡಬೇಕೆಂಬುದನ್ನು ಮೈಗೆ ಕಲಿಸಿಕೊಂಡಿದ್ದ.

ಈಗ ನಿಮ್ಮ ಮೂಲ ವಾದಕ್ಕೆ ಬರೋಣ. 'ಕೆಲಸಕ್ಕೆ ಶಿಕ್ಷೆ, ಗಾಯಕ್ಕಲ್ಲ' ಎಂಬ ಮಾತು ಕೇಳಲು ಎಷ್ಟು ಸ್ವಚ್ಛವಾಗಿದೆಯೋ ಬದುಕಿನಲ್ಲಿ ಅಷ್ಟು ಸ್ವಚ್ಛವಾಗಿ ನಾವು ಯಾರೂ ಅದನ್ನು ಪಾಲಿಸುವುದಿಲ್ಲ. ನಮ್ಮ ದೇಶದ ಕಾನೂನನ್ನೇ ನೋಡಿ. ಅಡ್ಡಾದಿಡ್ಡಿ ಗಾಡಿ ಓಡಿಸಿ ಯಾರಿಗೂ ಏನೂ ಆಗದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ಹೆಚ್ಚೆಂದರೆ ಆರು ತಿಂಗಳು. ಅದೇ ಓಡಾಟದಲ್ಲಿ ಒಬ್ಬ ಸತ್ತರೆ 106ನೇ ಕಲಮು, ಐದು ವರ್ಷದವರೆಗೆ ಜೈಲು. ಸ್ಟಿಯರಿಂಗ್ ಹಿಡಿದ ಕೈ ಎರಡೂ ಸಲ ಅದೇ, ಅಜಾಗರೂಕತೆಯೂ ಅದೇ. ಆದರೂ ಸತ್ತವನ ಮನೆಯವರ ಮುಂದೆ ನಿಂತು 'ಕೆಲಸ ಒಂದೇ, ಶಿಕ್ಷೆಯೂ ಒಂದೇ' ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗೆಂದು ನಿಮ್ಮ ವಾದಕ್ಕೆ ಆಧಾರವೇ ಇಲ್ಲವೆಂದಲ್ಲ. ಕ್ರಿಕೆಟ್‌ನ ಬೀಮರ್ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ: ನೆಲಕ್ಕೆ ಬೀಳದೆ ಬ್ಯಾಟುಗಾರನ ಸೊಂಟದಿಂದ ಮೇಲೆ ಬಂದ ಚೆಂಡು ಯಾರಿಗೂ ತಾಗದೆ ಹೋದರೂ ನೋ ಬಾಲ್, ಅಪಾಯಕಾರಿ ಎನಿಸಿದ ಅಂಥ ಚೆಂಡನ್ನು ಮತ್ತೆ ಎಸೆದರೆ ಆ ಇನಿಂಗ್ಸ್‌ನಲ್ಲಿ ಆ ಬೌಲರ್‌ನ ಕೈಗೆ ಚೆಂಡಿಲ್ಲ. ಆಸ್ಟ್ರೇಲಿಯಾದ ಈ ಆಟವೂ ಆ ದಿಕ್ಕಿನಲ್ಲಿ ಅರ್ಧ ದಾರಿ ಬಂದಿದೆ. ಗಾಯವಾಗದಿದ್ದರೂ ಗಾಯವಾಗುವ ಸಂಭವವಿತ್ತೆಂದು ತೀವ್ರತೆಯ ಮೆಟ್ಟಿಲನ್ನು ಏರಿಸುವ ಅಧಿಕಾರ ಪರಿಶೀಲಿಸುವವರಿಗೆ ಇದೆ.

ತಮಾಷೆಯೆಂದರೆ, ಆ ಅಧಿಕಾರವನ್ನು ಬಳಸಿದಾಗ ಹೆಚ್ಚು ಕೂಗಾಡುವವರೂ ಇದೇ ವಾದದ ಅಭಿಮಾನಿಗಳೇ. "ಬಿದ್ದವನು ಎದ್ದು ಆಡಿದ, ಏನೂ ಆಗಿಲ್ಲ, ಇದಕ್ಕೆ ಅಮಾನತೇ?" ಎನ್ನುತ್ತಾರೆ. ಗಾಯ ಲೆಕ್ಕಕ್ಕೆ ಬರಬಾರದೆಂದಾದರೆ, ಗಾಯ ಆಗದಿರುವುದೂ ಲೆಕ್ಕಕ್ಕೆ ಬರಬಾರದಲ್ಲವೇ? ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ನೀವೂ ಈ ಮಾತು ಬರೆದಿದ್ದೀರಿ, ಅದೂ ನಿಮ್ಮ ತಂಡದ ಆಟಗಾರನ ವಿಷಯದಲ್ಲಿ. ಎರಡನೆಯ ಪುಟದಲ್ಲಿ ಎದುರು ತಂಡದವನಿಗೆ ಅನ್ವಯಿಸಿದ ತೂಕದ ಕಲ್ಲು ಅದಾಗಿರಲಿಲ್ಲ. ಕೆಣಕಲು ಹೇಳುತ್ತಿಲ್ಲ, ಅಭಿಮಾನವೆಂದರೆ ಅದೇ.

ಹಾಗಾದರೆ ಕೆಲಸ ಎಂದರೆ ಯಾವುದು? ಈ ಆಟವನ್ನು ನಡೆಸುವ ಲೀಗಿನ ಮಾರ್ಗಸೂಚಿಯಲ್ಲಿ ಇದಕ್ಕೆ ಒಳ್ಳೆಯ ಉತ್ತರವೇ ಇದೆ. ಅಭಿಮಾನಿಗಳು ಅದನ್ನು ಓದುವುದು ಕಡಿಮೆ. ಟ್ಯಾಕಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಚಲನೆ ಇತ್ತೇ, ಎತ್ತಿ ಕುಕ್ಕುವಂಥ ಸ್ವಭಾವತಃ ಅಪಾಯದ ಹಿಡಿತವೇ, ಹಿಡಿಸಿಕೊಂಡವನ ತೋಳುಗಳು ಸಿಕ್ಕಿಬಿದ್ದು ತನ್ನನ್ನು ತಾನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದನೇ, ಅತಿಯಾದ ಬಲದಿಂದ ಬೀಸಿ, ತಳ್ಳಿ ಅಥವಾ ತಿರುಗಿಸಿ ಕೆಡಹಿದರೇ ಎಂದು ಅದು ಕೇಳುತ್ತದೆ. ಇವುಗಳಲ್ಲಿ ನನ್ನ ಕಣ್ಣಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ತೋಳುಗಳ ಪ್ರಶ್ನೆ. ಬೀಳುವ ಮನುಷ್ಯ ಯೋಚಿಸದೆಯೇ ಕೈ ಮುಂದೆ ಊರುತ್ತಾನೆ. ಅಂಗೈ ತರಚುತ್ತದೆ, ಮಣಿಕಟ್ಟು ಉಳುಕುತ್ತದೆ, ತಲೆ ಉಳಿಯುತ್ತದೆ. ಎರಡೂ ತೋಳುಗಳನ್ನು ಪಕ್ಕೆಗೆ ಸೇರಿಸಿ ಬಿಗಿದುಬಿಟ್ಟರೆ ನೆಲಕ್ಕೂ ತಲೆಗೂ ನಡುವೆ ಏನೂ ಇರುವುದಿಲ್ಲ. ಆ ಕ್ಷಣದಿಂದ ಆ ತಲೆ ಬಿಗಿದವನ ಹೊಣೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕಾಲೇಜಿನ ದಿನಗಳಲ್ಲಿ ನಾನು ಕಬಡ್ಡಿಯಲ್ಲಿ ಹಿಡಿಯುವವನಾಗಿದ್ದೆ. ಆಗ ಮ್ಯಾಟ್ ಇರಲಿಲ್ಲ, ಮಣ್ಣಿನ ಅಂಕಣ. ಗೆರೆಯತ್ತ ಚಾಚಿದ್ದ ರೈಡರ್ ಒಬ್ಬನನ್ನು ಹಿಂದಿನಿಂದ ಎರಡೂ ತೋಳು ಸೇರಿಸಿ ತಬ್ಬಿ ಅವನ ಮೇಲೆಯೇ ಬಿದ್ದೆ. ಅವನ ಗದ್ದ ಒಡೆದು ನಾಲ್ಕು ಹೊಲಿಗೆ ಬಿತ್ತು. ಫೌಲ್ ಏನೂ ಆಗಲಿಲ್ಲ, ಅಂಕ ನಮ್ಮದೇ ಆಯಿತು, ಜೊತೆಗಾರರು ಬೆನ್ನು ತಟ್ಟಿದರು. ಬೀಳುವಾಗಲೇ ಒಂದು ಕೈ ಸಡಿಲ ಬಿಡಬಹುದಿತ್ತು ಎಂಬುದು ನನಗೆ ಗೊತ್ತಿತ್ತು. ಬಿಟ್ಟರೆ ಅವನು ಗೆರೆ ಮುಟ್ಟುತ್ತಾನೆ ಎಂಬುದೂ ಗೊತ್ತಿತ್ತು. ಆದ್ದರಿಂದ 'ಅರ್ಧ ಸೆಕೆಂಡಿನಲ್ಲಿ ಯಾರಿಗೆ ಯೋಚಿಸಲು ಸಾಧ್ಯ' ಎಂಬ ವಾದವನ್ನು ನಾನು ಪೂರ್ತಿ ನಂಬುವುದಿಲ್ಲ. ಮೈ ಬಲ್ಲುದು.

ಆದರೆ ಹಿಡಿಯುವವನ ಪಾಡನ್ನೂ ನೋಡಬೇಕು. ತೋಳು ಬಿಗಿಯದಿದ್ದರೆ ಎದುರಾಳಿ ಮುಷ್ಟಿಯಿಂದ ಚೆಂಡು ದಾಟಿಸುತ್ತಾನೆ, ಕೋಚ್ ಬೈಯುತ್ತಾನೆ. ಬಿಗಿದರೆ ಫ್ರೀ ಕಿಕ್ ಸಿಗುತ್ತದೆ, ಜೊತೆಗೆ ಅಮಾನತಿನ ಭಯ. ಅತ್ತ ದರಿ, ಇತ್ತ ಪುಲಿ. ಮೈದಾನದಲ್ಲಿ ಅಂಪೈರ್ ಬಹುಮಾನ ಕೊಟ್ಟ ಕೆಲಸಕ್ಕೆ ಎರಡು ದಿನ ಬಿಟ್ಟು ಕಚೇರಿಯಲ್ಲಿ ದಂಡ ತೆರಬೇಕಾದರೆ ಆಟಗಾರ ಯಾರ ಮಾತು ಕೇಳಬೇಕು? ಲೀಗಿಗೆ ಇದು ತಿಳಿಯದೇ ಇಲ್ಲ. 2024ರ ಋತುವಿನ ನಡುವೆಯೇ, ಹಿಡಿಸಿಕೊಂಡವನಿಗೆ ಚೆಂಡು ದಾಟಿಸಲು ಕೊಡುತ್ತಿದ್ದ ಸಮಯವನ್ನು ಕಡಿಮೆ ಮಾಡುವಂತೆ ಅಂಪೈರ್‌ಗಳಿಗೆ ಸೂಚನೆ ಹೋಯಿತು. ಸೀಟಿ ಬೇಗ ಊದಿದರೆ ನೆಲಕ್ಕೆ ಕೆಡಹುವ ಅಗತ್ಯವೇ ಬೀಳುವುದಿಲ್ಲ. 'ಅಂಪೈರ್‌ಗಳು ಆಟ ಕೆಡಿಸಿದರು' ಎಂದು ನೀವು ಸಿಟ್ಟಿನಿಂದ ಬರೆದಿರುವ ಬದಲಾವಣೆ ಇದೇ. ಅಮಾನತುಗಳನ್ನು ಕಡಿಮೆ ಮಾಡಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುತ್ತಿಲ್ಲ.

ದೊಡ್ಡವರಿಗೊಂದು ನ್ಯಾಯ ಎಂಬ ದೂರಿನಲ್ಲಿ ನಾನು ನಿಮ್ಮ ಸಹೋದ್ಯೋಗಿಗಳ ಜೊತೆಗಿದ್ದೇನೆ, ಒಂದು ಪ್ರಕರಣದ ಮಟ್ಟಿಗೆ. 2024ರ ಏಪ್ರಿಲ್‌ನಲ್ಲಿ ಬ್ರಿಸ್ಬೇನ್ ತಂಡದ ಚಾರ್ಲಿ ಕ್ಯಾಮರನ್ ಮೆಲ್ಬರ್ನ್‌ನ ಜೇಕ್ ಲೀವರ್ ಮೇಲೆ ಮಾಡಿದ ಟ್ಯಾಕಲ್‌ಗೆ ಒಂದು ಪಂದ್ಯದ ಅಮಾನತಾಗಿತ್ತು. ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದವನ ಒಳ್ಳೆಯ ದಾಖಲೆಯನ್ನು ಮುಂದಿಟ್ಟುಕೊಂಡು ಟ್ರಿಬ್ಯೂನಲ್ ಅದನ್ನು ದಂಡಕ್ಕೆ ಇಳಿಸಿತು. ಟ್ಯಾಕಲ್ ಸರಿಯಿತ್ತೆಂದಲ್ಲ, ಮಾಡಿದವನು ಒಳ್ಳೆಯವನೆಂದು! ಹೀಗೆ ಮಾಡಿದರೆ ಮೊದಲ ವರ್ಷದ ಹುಡುಗನಿಗೆ ಒಳ್ಳೆಯತನ ತೋರಿಸಲು ಪಂದ್ಯಗಳೇ ಇರುವುದಿಲ್ಲ. ಟ್ರೆಂಗೋವ್‌ನ ಮೂರು ಪಂದ್ಯದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ನಿಮ್ಮ ಸಹೋದ್ಯೋಗಿಗಳ ಸಿಟ್ಟು ಅರ್ಥವಾಗುತ್ತದೆ.

ಆಟ ಮೆತ್ತಗಾಯಿತು ಎನ್ನುವವರಿಗೆ ಮಾತ್ರ ನನ್ನಲ್ಲಿ ತಾಳ್ಮೆ ಕಡಿಮೆ. 2019ರಲ್ಲಿ ತೀರಿಕೊಂಡ ಗ್ರಹಾಂ 'ಪಾಲಿ' ಫಾರ್ಮರ್, ಈ ಆಟ ಕಂಡ ಅತಿ ದೊಡ್ಡ ಹೆಸರುಗಳಲ್ಲೊಂದು. ಅವರ ಮಿದುಳನ್ನು ಪರೀಕ್ಷಿಸಿದಾಗ ಸಿಟಿಇ ಕಂಡುಬಂತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳು ಕ್ಷೀಣಿಸುವ ಕಾಯಿಲೆ ಅದು, ಸತ್ತ ಮೇಲಷ್ಟೇ ಖಚಿತವಾಗಿ ಪತ್ತೆಯಾಗುವಂಥದು. ಆಮೇಲೆ ಮಾಜಿ ಆಟಗಾರರಾದ ಡ್ಯಾನಿ ಫ್ರಾಲಿ, ಶೇನ್ ಟಕ್ ಅವರಲ್ಲೂ. ಮಹಿಳಾ ಲೀಗಿನಲ್ಲಿ ಆಡಿದ್ದ ಹೆದರ್ ಆಂಡರ್ಸನ್ 2022ರಲ್ಲಿ ತೀರಿಕೊಂಡಾಗ ಆಕೆಗೆ ಮೂವತ್ತೂ ತುಂಬಿರಲಿಲ್ಲ. ಆಕೆಯ ಮಿದುಳಿನಲ್ಲೂ ಅದೇ. 2023ರಲ್ಲಿ ಮಾಜಿ ಆಟಗಾರರ ಪರವಾಗಿ ಲೀಗಿನ ವಿರುದ್ಧ ಸಾಮೂಹಿಕ ಮೊಕದ್ದಮೆ ಹೂಡಲಾಯಿತು. ಲೀಗು ಕಟ್ಟುನಿಟ್ಟಾದದ್ದು ಕರುಣೆಯಿಂದಲ್ಲ, ವಕೀಲರ ಭಯದಿಂದ ಎಂದು ನಿಮ್ಮ ಸ್ನೇಹಿತರು ಹೇಳುತ್ತಾರಂತೆ. ಇರಬಹುದು. ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ತಡೆಬೇಲಿ ಬಂದದ್ದೂ ಮಾಲೀಕರ ಕರುಣೆಯಿಂದಲ್ಲ. ಈಗ ಕನ್ಕಷನ್ ಆದ ಆಟಗಾರ ಕನಿಷ್ಠ 12 ದಿನ ಆಡುವಂತಿಲ್ಲ. ಬಿದ್ದವನು ಒಂದು ಪಂದ್ಯ ಹೊರಗೆ ಕೂರುವಾಗ ಕೆಡಹಿದವನು ಮೈದಾನದಲ್ಲಿರುವುದು ಸರಿಯೇ ಎಂಬ ಪ್ರಶ್ನೆಯನ್ನೂ ನಿಮ್ಮ ಕಾಫಿ ಹೊತ್ತಿನಲ್ಲಿ ಯಾರಾದರೂ ಕೇಳಬೇಕು.

ಟ್ಯಾಕಲ್ ಅಲ್ಲದಿದ್ದರೂ ಒಂದು ಪ್ರಸಂಗವನ್ನು ಬಿಡಲಾರೆ. 2023ರ ಫೈನಲ್ಸ್, ಅಂದರೆ ಋತುವಿನ ಕೊನೆಯ ಹಂತದ, ಪಂದ್ಯವೊಂದರಲ್ಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಎದುರಾಳಿ ಆಂಗಸ್ ಬ್ರೇಶಾನ ಒದೆತವನ್ನು ತಡೆಯಲು ಹಾರಿ, ಆತನಿಗೇ ಡಿಕ್ಕಿ ಹೊಡೆದ. ಟ್ರಿಬ್ಯೂನಲ್ ಮೇನಾರ್ಡ್‌ನನ್ನು ಬಿಟ್ಟಿತು. ಬ್ರೇಶಾ ಮತ್ತೆ ಆಡಲಿಲ್ಲ. 2024ರ ಫೆಬ್ರವರಿಯಲ್ಲಿ ನಿವೃತ್ತನಾದ. ಮುಂದಿನ ಋತುವಿಗೆ ನಿಯಮ ಬಿಗಿಯಾಯಿತು. ಗಾಯಕ್ಕೆ ಲೆಕ್ಕವೇ ಇಲ್ಲದ ಶುದ್ಧ ನ್ಯಾಯ ಹೇಗಿರುತ್ತದೆಂದು ನೋಡಬೇಕಾದರೆ ಅದು ಹೀಗಿರುತ್ತದೆ, ಮತ್ತು ಅದು ಯಾರಿಗೂ ಸಮಾಧಾನ ತರಲಿಲ್ಲ.

ನನ್ನನ್ನು ಕೇಳಿದರೆ, ಎರಡೂ ತೋಳು ಬಿಗಿದು, ಆಮೇಲೆ ಬೀಸುವ ಅಥವಾ ತಿರುಗಿಸುವ ಎರಡನೆಯ ಚಲನೆ ಸೇರಿಸಿದವನಿಗೆ, ಬಿದ್ದವನು ಎದ್ದರೂ ಏಳದಿದ್ದರೂ ಒಂದು ಪಂದ್ಯದ ಅಮಾನತು ಖಾಯಂ ಇರಲಿ. ಗಾಯವಾದರೆ ಅದರ ಮೇಲೆ ಇನ್ನೊಂದು ಸೇರಲಿ, ಆದರೆ ಒಂದರಿಂದ ಮೂರಕ್ಕೆ ಜಿಗಿಯುವುದು ಬೇಡ. ತಡೆಯಲು ಯತ್ನಿಸಿದ್ದು ಕಂಡರೆ, 2024ರಲ್ಲಿ ಡೇಂಜರ್‌ಫೀಲ್ಡ್‌ಗೆ ಆದಂತೆ, ಬಿಡುಗಡೆ. ಒಳ್ಳೆಯ ದಾಖಲೆಗೆ ರಿಯಾಯಿತಿ ಬೇಡ.

ಮಗನ ವಿಷಯ. ಚಿಕ್ಕ ಮಕ್ಕಳ ಆಸ್‌ಕಿಕ್ ತರಬೇತಿಯಲ್ಲಿ ಟ್ಯಾಕಲ್ ಇಲ್ಲ. ಒದೆಯುವುದು, ಹಿಡಿಯುವುದು, ಓಡುವುದು ಅಷ್ಟೇ. ಕಳಿಸಿ. ಟ್ಯಾಕಲ್ ಕಲಿಸುವ ವಯಸ್ಸು ಬಂದಾಗ ಒಂದು ಸಂಜೆ ಬೇಲಿಯ ಪಕ್ಕ ನಿಂತು ಕೋಚ್ ಏನು ಹೇಳಿಕೊಡುತ್ತಾರೆ ಎಂದು ಕೇಳಿಸಿಕೊಳ್ಳಿ. ಹಿಡಿದ ಮೇಲೆ ಹೇಗೆ ಬೀಳಿಸಬೇಕೆಂದು ಮಾತ್ರ ಹೇಳಿ, ಹೇಗೆ ಇಳಿಸಬೇಕೆಂದು ಹೇಳದಿದ್ದರೆ ಬೇರೆ ಕ್ಲಬ್ ನೋಡಿ.

ಕೊನೆಗೆ ನಿಮ್ಮ ಪತ್ರದಲ್ಲಿ ಒಂದು ತಿದ್ದುಪಡಿ. 2017ರಲ್ಲಿ ಅಮಾನತಿನಿಂದಲೇ ಡೇಂಜರ್‌ಫೀಲ್ಡ್‌ಗೆ ಪದಕ ತಪ್ಪಿತು ಎಂದಿದ್ದೀರಿ. ಆ ವರ್ಷ ಗೆದ್ದ ರಿಚ್ಮಂಡ್‌ನ ಡಸ್ಟಿನ್ ಮಾರ್ಟಿನ್‌ಗೆ ಬಂದದ್ದು 36 ಮತ, ಅನರ್ಹರಾಗಿದ್ದ ಡೇಂಜರ್‌ಫೀಲ್ಡ್ ಹೆಸರಿಗೆ 33. ಅರ್ಹರಾಗಿದ್ದರೂ ಆ ಲೆಕ್ಕದಲ್ಲಿ ಅವರು ಎರಡನೆಯವರೇ. ಆದರೆ ಅಂಪೈರ್‌ಗಳು ಒಂದು ಪಂದ್ಯದಲ್ಲಿ ಒಬ್ಬನಿಗೆ ಕೊಡಬಹುದಾದ ಗರಿಷ್ಠ ಮತ ಮೂರು, ಮತ ಸಮವಾದರೆ ಪದಕ ಇಬ್ಬರಿಗೂ ಸಲ್ಲುತ್ತದೆ, ಮತ್ತು ಕ್ರೂಝರ್‌ನನ್ನು ಕೆಡಹಿದ್ದಕ್ಕೆ ಅವರು ಹೊರಗೆ ಕೂತದ್ದು ಸರಿಯಾಗಿ ಒಂದು ಪಂದ್ಯ. ಇನ್ನು ನಿಮ್ಮ ಆಫೀಸಿನವರು ವಾದಿಸಿಕೊಳ್ಳಲಿ.

— ಸಂಪಾದಕ